ಸ್ಟೇಷನರಿ ಅಂಗಡಿ, ಸ್ಟೇಷನರಿ ಲಾರಿ: ಎ ಯಾವುದಕ್ಕೆ, ಇ ಯಾವುದಕ್ಕೆ?

ಅಂಗಡಿ ಅಕ್ಕ (ಅರಸೀಕೆರೆ)

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಅಕ್ಷರದ ವಿಷಯ ಕೇಳಬೇಕಿತ್ತು. ಕೇಳುವವರಿಗೆ ಚಿಕ್ಕದು ಅನ್ನಿಸಬಹುದು. ನನಗೆ ಎರಡು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ.

ನನ್ನದು ಪುಸ್ತಕ, ಪೆನ್ನು, ನೋಟ್‌ಬುಕ್ಕಿನ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನುವ ನಿಯಮ 2024ರಲ್ಲಿ ಬಂತಲ್ಲ, ಆಗ ಹಳೆಯ ಬೋರ್ಡ್ ಇಳಿಸಿ ಹೊಸದು ಬರೆಸಿದೆ. ಮೇಲೆ ದೊಡ್ಡದಾಗಿ ಕನ್ನಡದಲ್ಲಿ 'ಬುಕ್ಸ್ ಮತ್ತು ಸ್ಟೇಷನರಿ'. ಕೆಳಗೆ ಸಣ್ಣದಾಗಿ ಅದನ್ನೇ ಇಂಗ್ಲಿಷಿನಲ್ಲಿ. ಕನ್ನಡದ ಸಾಲನ್ನು ನಾನು ನಾಲ್ಕು ಸಲ ಓದಿ ನೋಡಿದ್ದೆ. ಇಂಗ್ಲಿಷ್ ಸಾಲನ್ನು ಪೇಂಟರ್ ಕೈಗೆ ಬಿಟ್ಟಿದ್ದೆ. ಬಿಲ್ ಪುಸ್ತಕ ಅಚ್ಚು ಹಾಕಿಸಿದಾಗ, ಸೀಲು ಮಾಡಿಸಿದಾಗ ಬೋರ್ಡ್ ನೋಡಿಯೇ ಬರೆದುಕೊಟ್ಟೆ.

ಹೋದ ವಾರ ಒಂದು ಶಾಲೆಗೆ ಕೊಟೇಶನ್ ಕೊಟ್ಟೆ. ಹಾಜರಿ ಪುಸ್ತಕ, ಎ4 ಕಾಗದ, ಲಾಂಗ್ ಬುಕ್, ಸೀಮೆಸುಣ್ಣ, ಡಸ್ಟರ್, ಗೋಂದು, ಹೀಗೆ. ಹಾಳೆ ವಾಪಸ್ ಬಂತು. ದರದ ಬಗ್ಗೆ ಒಂದು ಮಾತೂ ಇರಲಿಲ್ಲ. ತಲೆಬರಹದಲ್ಲಿದ್ದ ಸ್ಟೇಷನರಿ ಪದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿದ್ದರು. ತುಂಬಾ ಬೇಜಾರಾಯಿತು. ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು, ಈ ಪದಕ್ಕೆ ಎರಡು ಸ್ಪೆಲಿಂಗ್ ಇದೆ. 'ಎನ್' ಅಕ್ಷರ ಆದ ಮೇಲೆ ಒಂದರಲ್ಲಿ 'ಎ' ಬರುತ್ತದೆ (stationary), ಇನ್ನೊಂದರಲ್ಲಿ 'ಇ' (stationery). ನನ್ನ ಬೋರ್ಡಿನಲ್ಲಿ ಇರುವುದು 'ಎ'.

ಮೂರು ವಿಷಯ ತಿಳಿಯಬೇಕು. ಇವೆರಡೂ ನಿಜವಾಗಿ ಬೇರೆ ಪದಗಳಾ? ಬಾಯಲ್ಲಿ ಹೇಳುವಾಗ ವ್ಯತ್ಯಾಸ ಇದೆಯಾ? ಬೋರ್ಡು, ಬಿಲ್ಲು, ಸೀಲು ಎಲ್ಲ ಬದಲಾಯಿಸಲೇಬೇಕಾ? ಬೋರ್ಡಿನ ಮುಂದೆ ದಿನಾ ಶಾಲೆ ಮಕ್ಕಳು ಬಸ್ಸಿಗೆ ಕಾಯುತ್ತಾರೆ. ಅದನ್ನೇ ಓದಿಕೊಂಡು ನಿಂತಿರುತ್ತಾರಲ್ಲ ಅನ್ನುವುದೇ ನನಗೆ ಜಾಸ್ತಿ ಕಾಡುತ್ತಿದೆ.

ಸೀಮೆಸುಣ್ಣ

ಅಕ್ಕ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮೊದಲೇ ಹೇಳುತ್ತೇನೆ, ಇದು ನಿಮ್ಮೊಬ್ಬರ ತಪ್ಪಲ್ಲ. ಇಂಗ್ಲಿಷ್ ಮನೆಮಾತಾಗಿರುವವರೂ ಈ ಜೋಡಿಯಲ್ಲಿ ಎಡವುತ್ತಾರೆ. ಕಂಪ್ಯೂಟರಿನ ಸ್ಪೆಲ್ ಚೆಕ್ ಕೂಡ ಇದನ್ನು ಹಿಡಿಯದೆ ಬಿಡುವುದು ಜಾಸ್ತಿ, ಏಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ.

'ಎ' ಇರುವ ಪದ ಗುಣವಾಚಕ. ನಿಂತಿರುವ, ಅಲುಗಾಡದ, ಜಾಗ ಬಿಟ್ಟು ಕದಲದ ಎಂದು ಅರ್ಥ. ರಸ್ತೆ ಬದಿ ಕೆಟ್ಟು ನಿಂತ ಲಾರಿಗೆ ಬೈಕ್ ಗುದ್ದಿತು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಆ ನಿಂತ ಲಾರಿಗೆ ಇಂಗ್ಲಿಷಿನಲ್ಲಿ ಹಾಕುವುದು ಈ ಪದ. ಜಿಮ್‌ನಲ್ಲಿ ಎಷ್ಟು ತುಳಿದರೂ ಇದ್ದಲ್ಲೇ ಇರುವ ಸೈಕಲ್ಲಿಗೂ ಇದೇ. ವಿಜ್ಞಾನದ ಪಾಠದಲ್ಲಿ ಸ್ಥಾಯಿ ತರಂಗ ಬರುತ್ತದೆ. ವೀಣೆಯ ತಂತಿ ಮೀಟಿದಾಗ ತಂತಿ ಉಬ್ಬಿ ತಗ್ಗುತ್ತದೆ, ಆದರೆ ಅಲೆ ಮುಂದಕ್ಕೆ ಹೋಗುವ ಹಾಗೆ ಕಾಣುವುದಿಲ್ಲ. ಕೆಲವು ಬಿಂದುಗಳಂತೂ ಅಲ್ಲಾಡುವುದೇ ಇಲ್ಲ. ಅಲ್ಲೂ ಇದೇ 'ಎ' ಪದ.

'ಇ' ಇರುವುದು ನಾಮಪದ. ಕಾಗದ, ಲಕೋಟೆ, ಪೆನ್ನು, ಪೆನ್ಸಿಲ್, ಇಂಕು, ಫೈಲು, ಪಿನ್ನು, ಒಟ್ಟಿನಲ್ಲಿ ಬರೆಯಲು ಬೇಕಾದ ಸಾಮಾನು. ನಿಮ್ಮ ಅಂಗಡಿಯ ಪದ ಇದು.

ಇನ್ನೊಂದು ಸೂಕ್ಷ್ಮ ಇದೆ. ಈ 'ಇ' ಪದಕ್ಕೆ ಇಂಗ್ಲಿಷಿನಲ್ಲಿ ಬಹುವಚನ ಮಾಡುವುದಿಲ್ಲ. ಫರ್ನಿಚರ್, ಲಗೇಜ್ ಇದ್ದ ಹಾಗೆ. ನಮ್ಮ ಕಡೆ ಬಹಳ ಬೋರ್ಡುಗಳಲ್ಲಿ 'ಸ್ಟೇಷನರೀಸ್' ಅಂತ ಇರುತ್ತದೆ. ಅದು ಬೇಡ. ಹೆಚ್ಚು ಸಾಮಾನು ಅಂತ ಹೇಳಬೇಕಾದರೆ 'ಸ್ಟೇಷನರಿ ಐಟಮ್ಸ್' ಅನ್ನಿ.

ಕೆಂಪು ಸುತ್ತು ಹಾಕಿದವರು ಪಕ್ಕದಲ್ಲಿ ಸರಿಯಾದ ಸ್ಪೆಲಿಂಗ್ ಬರೆದುಕೊಟ್ಟಿದ್ದರೆ ಚೆನ್ನಾಗಿತ್ತು. ತಪ್ಪು ತೋರಿಸಿ ಸರಿ ಯಾವುದು ಅಂತ ಹೇಳದೆ ಬಿಡುವುದು ಯಾವ ಪಾಠವೂ ಅಲ್ಲ. ಇದನ್ನು ನಾನು ಮೇಷ್ಟ್ರಾಗಿಯೇ ಹೇಳುತ್ತಿದ್ದೇನೆ.

ತುಂಗೆ ನೀರು

ಉಚ್ಚಾರದಲ್ಲಿ ವ್ಯತ್ಯಾಸ ಇದೆ ಅಂತ ನಮಗೆ ಕೋಚಿಂಗಿನಲ್ಲಿ ಹೇಳಿಕೊಟ್ಟಿದ್ದರು. 'ಎ' ಇರುವುದನ್ನು 'ಸ್ಟೇಷನಾರಿ' ಅಂತ ಎಳೆಯಬೇಕು, 'ಇ' ಇರುವುದನ್ನು 'ಸ್ಟೇಷನೆರಿ' ಅನ್ನಬೇಕು. ಹಾಗೆ ಅಭ್ಯಾಸ ಮಾಡಿಕೊಂಡರೆ ಬರೆಯುವಾಗ ತಪ್ಪುವುದಿಲ್ಲ.

ಸೀಮೆಸುಣ್ಣ

ಬರೆಯುವಾಗ ನೆನಪಿಗೆ ಬರಲಿ ಅಂತ ಮನಸ್ಸಿನಲ್ಲಿ ಹಾಗೆ ಎಳೆದುಕೊಳ್ಳಿ, ಅಡ್ಡಿಯಿಲ್ಲ. ಬಾಯಲ್ಲಿ ಬೇಡ. ನಿಘಂಟು ತೆಗೆದು ನೋಡಿ, ಎರಡಕ್ಕೂ ಒಂದೇ ಉಚ್ಚಾರ ಕೊಟ್ಟಿರುತ್ತಾರೆ. ಬ್ರಿಟನ್ನಿನವರು ಕೊನೆಯ ಭಾಗವನ್ನು ನುಂಗಿ 'ಸ್ಟೇಷನ್ರಿ' ಅನ್ನುವ ಹಾಗೆ ಹೇಳುತ್ತಾರೆ. ಅಮೆರಿಕದವರು 'ಸ್ಟೇಷನೆರಿ' ಅಂತ ಬಿಡಿಸಿ ಹೇಳುತ್ತಾರೆ. ಆದರೆ ಇಬ್ಬರೂ ಎರಡು ಪದವನ್ನೂ ಒಂದೇ ಥರ ಹೇಳುತ್ತಾರೆ. ಕಿವಿಗೆ ಇಲ್ಲಿ ಕೆಲಸ ಇಲ್ಲ. ಮಾತಿನಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ, ಬರಹದಲ್ಲಿ ಮಾತ್ರ ಕಣ್ಣಿಗೆ ವ್ಯತ್ಯಾಸ ಸಿಗುತ್ತದೆ.

ನಮ್ಮ ಲಿಪಿಯಲ್ಲಂತೂ ಎರಡನ್ನೂ 'ಸ್ಟೇಷನರಿ' ಅಂತಲೇ ಬರೆಯುತ್ತೇವೆ. ಕಿವಿಗೆ ಕೇಳಿದ್ದನ್ನು ಬರೆಯುವ ಲಿಪಿ ನಮ್ಮದು, ಇದಕ್ಕೆ ಒಂದೇ ರೂಪ ಸಾಕಾಯಿತು. ಅಕ್ಕನ ಬೋರ್ಡಿನ ಕನ್ನಡ ಸಾಲು ಅದಕ್ಕೇ ಸರಿಯಾಗಿದೆ.

ಅಕ್ಷರ ಮನೆ

ನಾನು ಡಿಟಿಪಿ ಕೆಲಸ ಮಾಡುವವನು. ಕನ್ನಡದಲ್ಲೂ ಇಂಥ ಜೋಡಿಗಳಿವೆ ಮೇಷ್ಟ್ರೇ. 'ಮಧ್ಯ' ಮತ್ತು 'ಮದ್ಯ'. ಒಂದು ನಡು, ಇನ್ನೊಂದು ಹೆಂಡ. ಧ ಒತ್ತಿ ಹೇಳದವರ ಬಾಯಲ್ಲಿ ಎರಡೂ ಒಂದೇ. ಮದುವೆ ಕಾರ್ಡಿನ ಕರಡಿನಲ್ಲಿ 'ಮದ್ಯಾಹ್ನ ಭೋಜನ' ಅಂತ ಬಂದದ್ದನ್ನು ನಾನೇ ಎಷ್ಟೋ ಸಲ ತಿದ್ದಿದ್ದೇನೆ. 'ಭೇಟಿ'ಯಲ್ಲೂ ಇದೇ ತೊಂದರೆ. ಸಚಿವರು ಬೇಟಿ ನೀಡಿದರು ಅಂತ ಬರೆದು ತರುತ್ತಾರೆ.

ಥೇಮ್ಸ್ ದಂಡೆ

ನಾನು ತುಮಕೂರಿನವನು, ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಕ್ಕ ಮೊದಲನೇ ಪ್ರಶ್ನೆ ಕೇಳಿದರಲ್ಲ, ಇವೆರಡೂ ನಿಜವಾಗಿ ಬೇರೆ ಪದಗಳಾ ಅಂತ, ಅದಕ್ಕೆ ಉತ್ತರ ನಾನು ದಿನಾ ಓಡಾಡುವ ದಾರಿಯಲ್ಲೇ ಇದೆ. ಸೇಂಟ್ ಪಾಲ್ಸ್ ಚರ್ಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಲಡ್‌ಗೇಟ್ ಹಿಲ್ ಪಕ್ಕದ ಸಂದಿಯಲ್ಲಿ ಸ್ಟೇಷನರ್ಸ್ ಹಾಲ್ ಅನ್ನುವ ಕಟ್ಟಡ ಇದೆ. ಬಂದ ಹೊಸತರಲ್ಲಿ ರೈಲ್ವೆ ಸ್ಟೇಷನ್ನಿಗೆ ಸಂಬಂಧಪಟ್ಟ ಕಟ್ಟಡ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಓದಿ ತಿಳಿದುಕೊಂಡೆ.

ಎರಡರ ಬೇರು ಒಂದೇ. ಲ್ಯಾಟಿನ್ನಿನಲ್ಲಿ 'ಸ್ಟಾರೆ' ಅಂದರೆ ನಿಲ್ಲು. 'ಸ್ಟಾಟಿಯೋ' ಅಂದರೆ ನಿಲ್ಲುವ ಜಾಗ, ಅದೇ ಸ್ಟೇಷನ್. ಅಲ್ಲಿಂದ ಬಂದದ್ದು 'ಸ್ಟಾಟಿಯೋನಾರಿಯುಸ್', ಒಂದು ಜಾಗದಲ್ಲಿ ನೆಲೆ ನಿಂತವನು. ಆಗಿನ ಯುರೋಪಿನಲ್ಲಿ ಬಹಳ ಜನ ವ್ಯಾಪಾರಿಗಳು ಹೊರೆ ಹೊತ್ತು ಊರೂರು, ಸಂತೆ, ಜಾತ್ರೆ ಸುತ್ತಿ ಮಾರುತ್ತಿದ್ದರು. ಕಾಯಂ ಮಳಿಗೆ ಇಟ್ಟುಕೊಂಡವರು ಕಡಿಮೆ. ಹಾಗೆ ಕಾಯಂ ಕೂತವರಲ್ಲಿ ಮುಖ್ಯವಾದವರು ವಿಶ್ವವಿದ್ಯಾಲಯಗಳ ಹತ್ತಿರದ ಪುಸ್ತಕದವರು.

ಅವರ ಕೆಲಸ ಹೇಗಿತ್ತು ಕೇಳಿ. ಅಚ್ಚಿನ ಯಂತ್ರ ಇನ್ನೂ ಬಂದಿಲ್ಲ. ಬೊಲೊನ್ಯ, ಪ್ಯಾರಿಸ್‌ನಂಥ ಕಡೆ ವಿಶ್ವವಿದ್ಯಾಲಯ ಒಪ್ಪಿದ ಮೂಲಪ್ರತಿ ಈ ಅಂಗಡಿಯವರ ಹತ್ತಿರ ಇರುತ್ತಿತ್ತು. ಅದನ್ನು ಹೊಲಿಯದೆ ಬಿಡಿ ಕಟ್ಟುಗಳಾಗಿ ಇಟ್ಟಿರುತ್ತಿದ್ದರು. ವಿದ್ಯಾರ್ಥಿ ಒಂದು ಕಟ್ಟು ಬಾಡಿಗೆಗೆ ಒಯ್ದು, ತಾನೇ ನಕಲು ಮಾಡಿಕೊಂಡೋ ಬರೆಯುವವರಿಂದ ಮಾಡಿಸಿಯೋ, ಅದನ್ನು ಹಿಂತಿರುಗಿಸಿ ಮುಂದಿನ ಕಟ್ಟು ತೆಗೆದುಕೊಳ್ಳುತ್ತಿದ್ದ. ಹೀಗೆ ಒಂದೇ ಪುಸ್ತಕವನ್ನು ಹತ್ತಾರು ಜನ ಒಟ್ಟಿಗೆ ನಕಲು ಮಾಡಬಹುದಿತ್ತು. ಇಂಥ ವ್ಯವಹಾರ ಊರು ಸುತ್ತುವವನ ಕೈಲಿ ಆಗುವುದಿಲ್ಲ. ಕಟ್ಟು ಯಾರ ಹತ್ತಿರ ಇದೆ, ಯಾವಾಗ ಬರಬೇಕು ಅನ್ನುವ ಲೆಕ್ಕ ಇಡಬೇಕಲ್ಲ. ನಿಂತ ಅಂಗಡಿಯೇ ಬೇಕು.

ಲಂಡನ್ನಿನಲ್ಲಿ 1403ರಲ್ಲಿ ಈ ಕಸುಬಿನವರ ಸಂಘಕ್ಕೆ ನಗರದ ಒಪ್ಪಿಗೆ ಸಿಕ್ಕಿತು. ಬರೆಯುವವರು, ಹಾಳೆಗೆ ಚಿತ್ತಾರ ಬಿಡಿಸುವವರು, ರಟ್ಟು ಕಟ್ಟುವವರು, ಮಾರುವವರು ಎಲ್ಲ ಅದರಲ್ಲಿದ್ದರು. 1557ರಲ್ಲಿ ರಾಜಶಾಸನ ಸಿಕ್ಕಿ, ದೇಶದ ಮುದ್ರಣದ ಮೇಲೆಯೇ ಹಿಡಿತ ಬಂತು. ಆ ಸಂಘ ಇವತ್ತಿಗೂ ಇದೆ, ಆ ಹಾಲ್ ಅದರದ್ದೇ.

ಈ ಸ್ಟೇಷನರ್‌ಗಳು ಪುಸ್ತಕದ ಜೊತೆ ಕಾಗದ, ಇಂಕು, ಗರಿಯ ಲೇಖನಿಯನ್ನೂ ಮಾರುತ್ತಿದ್ದರು. ಕಾಲ ಕಳೆದ ಹಾಗೆ ಪುಸ್ತಕ ಮಾರುವವರಿಗೆ ಬೇರೆ ಹೆಸರು ಬಂತು. ಹಳೆಯ ಹೆಸರು ಕಾಗದ, ಇಂಕಿನವರ ಜೊತೆ ಉಳಿಯಿತು. ಅವರು ಮಾರುವ ಸಾಮಾನು ಸ್ಟೇಷನರಿ ಆಯಿತು. 1786ರಲ್ಲಿ ಇಲ್ಲಿನ ಸರ್ಕಾರ ತನ್ನ ಕಚೇರಿಗಳಿಗೆ ಕಾಗದ, ಇಂಕು ಒದಗಿಸಲು ಒಂದು ಕಚೇರಿ ತೆರೆದಾಗ ಅದರ ಹೆಸರೇ ಸ್ಟೇಷನರಿ ಆಫೀಸ್.

ಸ್ಪೆಲಿಂಗಿನ ಗುಟ್ಟೂ ಇದರಲ್ಲೇ ಇದೆ. ಬೇಕರ್ ಇರುವ ಜಾಗ ಬೇಕರಿ, ಸ್ಟೇಷನರ್ ಮಾರುವುದು ಸ್ಟೇಷನರಿ. ಬೇಕರ್ ಕೊನೆಯ 'ಇ-ಆರ್' ಬೇಕರಿಯಲ್ಲಿ ಉಳಿದ ಹಾಗೆ ಸ್ಟೇಷನರ್ ಕೊನೆಯ 'ಇ-ಆರ್' ಇಲ್ಲೂ ಉಳಿದಿದೆ. ನಿಂತ ಲಾರಿಯ ಪದಕ್ಕೆ ಈ ವ್ಯಾಪಾರಿಯ ಸಂಬಂಧ ಇಲ್ಲ, ಅದು ಲ್ಯಾಟಿನ್ನಿನ 'ಎ' ಉಳಿಸಿಕೊಂಡು ಬಂದಿದೆ. ಮೊದಲೆಲ್ಲ ಇಂಗ್ಲಿಷಿನವರೇ ಸಾಮಾನಿಗೂ 'ಎ' ಹಾಕಿ ಬರೆಯುತ್ತಿದ್ದದ್ದು ಉಂಟು. ಈಗಿನ ಕಟ್ಟುನಿಟ್ಟು ಆಮೇಲೆ ಬಂದದ್ದು.

ಅಂಗಡಿ ಅಕ್ಕ (ಅರಸೀಕೆರೆ)

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ತಮ್ಮ.

ನಮ್ಮಪ್ಪನದೂ ಇದೇ ಕಥೆ. ಅಂಗಡಿ ಇಡುವ ಮೊದಲು ಸೈಕಲ್ಲಿನಲ್ಲಿ ಸಂತೆ ಸುತ್ತುತ್ತಿದ್ದರು. ಹಿಂದಿನ ಕ್ಯಾರಿಯರಿಗೆ ಟ್ರಂಕು ಕಟ್ಟಿ, ಹ್ಯಾಂಡಲಿಗೆ ಎರಡು ಚೀಲ. ಸ್ಲೇಟು, ಬಳಪ, ಮಗ್ಗಿ ಪುಸ್ತಕ, ಇಂಕಿನ ಪುಡಿ, ನಿಬ್ಬು. ಸ್ಲೇಟು ಒಡೆಯಬಾರದು ಅಂತ ಮಧ್ಯೆ ಮಧ್ಯೆ ಹುಲ್ಲು ಇಟ್ಟು ಕಟ್ಟುತ್ತಿದ್ದರು. ಮಳೆ ಬಂದರೆ ಮೊದಲು ನೋಟ್‌ಬುಕ್ಕಿನ ಕಟ್ಟಿಗೆ ಗೋಣಿತಾಟು ಹೊದಿಸಿ ಆಮೇಲೆ ತಾವು ಮರದ ಕೆಳಗೆ ನಿಲ್ಲುತ್ತಿದ್ದರಂತೆ. ಸಂತೆಯಲ್ಲಿ ಕೊಂಡ ನಿಬ್ಬು ಸರಿಯಿಲ್ಲ ಅಂತ ಯಾರಾದರೂ ಹುಡುಕಿಕೊಂಡು ಬಂದರೆ ಅಷ್ಟರಲ್ಲಿ ಅಪ್ಪ ಬೇರೆ ಊರಿನಲ್ಲಿ. 'ಒಂದು ಕಡೆ ಕೂತರೆ ತಾನೇ ಜನ ನಂಬೋದು' ಅಂತ ಸಾಲ ಮಾಡಿ ಈ ಮಳಿಗೆ ಹಿಡಿದರು.

ನಿಂತ ಅಂಗಡಿ ಅನ್ನುವ ಮಾತು ಅಲ್ಲಿ ಅಷ್ಟು ಹಿಂದೆಯೇ ಹೆಸರಾಗಿತ್ತು ಅಂತ ಅಪ್ಪನಿಗೆ ಹೇಳಬೇಕಿತ್ತು. ಅವರು ಈಗ ಇಲ್ಲ.

ಹಾಸನದ ಹುಡುಗ

ಅಕ್ಕ, ನಾನು ನಿಮ್ಮ ಪಕ್ಕದವನೇ, ಹಾಸನ. 'ಎ' ಇರುವ ಪದ ನಮ್ಮೂರಿಗೆ ಬಹಳ ಹತ್ತಿರದ್ದು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ, ದೊಡ್ಡ ದೊಡ್ಡ ಬಿಳಿ ಡಿಶ್ ಆಂಟೆನಾಗಳು, ಅಲ್ಲಿಂದ ನೋಡಿಕೊಳ್ಳುವುದು ಜಿಯೋಸ್ಟೇಷನರಿ ಉಪಗ್ರಹಗಳನ್ನು. ಕನ್ನಡದಲ್ಲಿ ಭೂಸ್ಥಿರ ಉಪಗ್ರಹ ಅನ್ನುತ್ತೇವೆ. ಇದಕ್ಕೆ 'ಎ' ಸ್ಪೆಲಿಂಗ್.

ಆ ಉಪಗ್ರಹ ನಿಂತಿದೆ ಅಂದರೆ ನಿಜವಾಗಿ ನಿಂತಿಲ್ಲ. ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಮೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಗಂಟೆಗೆ 11,000 ಕಿಲೋಮೀಟರ್ ದಾಟುತ್ತದೆ. ಅದು ಒಂದು ಸುತ್ತು ಹಾಕುವುದಕ್ಕೂ ಭೂಮಿ ತನ್ನ ಸುತ್ತ ಒಮ್ಮೆ ತಿರುಗುವುದಕ್ಕೂ ಒಂದೇ ಹೊತ್ತು, 23 ಗಂಟೆ 56 ನಿಮಿಷ. ಹಾಗಾಗಿ ಕೆಳಗಿರುವ ನಮಗೆ ಅದು ಆಕಾಶದಲ್ಲಿ ಒಂದೇ ಕಡೆ ನೆಟ್ಟ ಹಾಗೆ. ಮನೆ ಮೇಲಿನ ಟಿವಿ ಡಿಶ್ ನೋಡಿ. ಕೂರಿಸುವವರು ಒಮ್ಮೆ ಆ ಕಡೆ ಈ ಕಡೆ ತಿರುಗಿಸಿ, ಸಿಗ್ನಲ್ ಸಿಕ್ಕ ಮೇಲೆ ಬೋಲ್ಟ್ ಬಿಗಿದು ಹೋಗುತ್ತಾರೆ. ಉಪಗ್ರಹ ಆಕಾಶದಲ್ಲಿ ಜಾಗ ಬದಲಾಯಿಸುತ್ತಿದ್ದರೆ ದಿನಾ ಯಾರಾದರೂ ಮಹಡಿ ಹತ್ತಿ ಡಿಶ್ ತಿರುಗಿಸಬೇಕಿತ್ತು.

ನನಗೆ ಇನ್ನೂ ಇಷ್ಟವಾದ ವಿಷಯ ಒಂದಿದೆ. ಸೂರ್ಯ ಚಂದ್ರರ ಸೆಳೆತಕ್ಕೆ ಆ ಉಪಗ್ರಹ ನಿಧಾನವಾಗಿ ಜಾರುತ್ತಾ ಹೋಗುತ್ತದೆ. ಆಗ ಇಲ್ಲಿಂದ ಆದೇಶ ಕೊಟ್ಟು, ಅದರೊಳಗಿನ ಸಣ್ಣ ಎಂಜಿನ್ ಉರಿಸಿ, ಮತ್ತೆ ಜಾಗಕ್ಕೆ ತರುತ್ತಾರೆ. ಆ ಕೆಲಸಕ್ಕೆ 'ಸ್ಟೇಷನ್ ಕೀಪಿಂಗ್' ಅಂತ ಹೆಸರು. ಇಂಧನ ಮುಗಿದರೆ ನಿಂತ ಜಾಗ ಉಳಿಸಿಕೊಳ್ಳಲು ಆಗುವುದಿಲ್ಲ. ಲಂಡನ್ ಅಣ್ಣ ಹೇಳಿದ ನೆಲೆ ನಿಲ್ಲುವ ಅರ್ಥ ಅಲ್ಲಿ ಇನ್ನೂ ಜೀವಂತವಾಗಿದೆ.

1981ರಲ್ಲಿ ಹಾರಿದ ಆಪಲ್ ಉಪಗ್ರಹವೂ ಭೂಸ್ಥಿರ ಜಾತಿಯದ್ದೇ. ಅದನ್ನು ಬೆಂಗಳೂರಿನಲ್ಲಿ ಎತ್ತಿನ ಗಾಡಿ ಮೇಲೆ ಇಟ್ಟಿರುವ ಫೋಟೋ ನೀವೆಲ್ಲ ನೋಡಿರುತ್ತೀರಿ. ಆಂಟೆನಾ ಪರೀಕ್ಷೆಗೆ ಸುತ್ತ ಕಬ್ಬಿಣ ಇರಬಾರದು ಅಂತ ಮರದ ಗಾಡಿ ತಂದದ್ದು. ನಮ್ಮ ಮೇಷ್ಟ್ರು ಆ ಫೋಟೋ ತೋರಿಸಿ 'ಎ' ಪದ ಕಲಿಸಿದರು. ಆಪಲ್‌ಗೆ ಎ, ಆಕಾಶದಲ್ಲಿ ನಿಂತದ್ದಕ್ಕೆ ಎ. ಅಲ್ಲಿಂದ ಇಲ್ಲಿಯವರೆಗೆ ಮರೆತಿಲ್ಲ.

ಸಂತೆ ಪೇಟೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನದೊಂದು ಮಾತು. ಅಂಗಡಿಗೆ ಬರುವವರು ಸ್ಪೆಲಿಂಗ್ ನೋಡಿ ಬರುತ್ತಾರಾ? ಒಳ್ಳೆಯ ನೋಟ್‌ಬುಕ್ ಸರಿಯಾದ ದರಕ್ಕೆ ಸಿಕ್ಕರೆ ಸಾಕಲ್ವಾ? ನಮ್ಮ ಪೇಟೆಯಲ್ಲಿ ಅರ್ಧಕ್ಕರ್ಧ ಬೋರ್ಡಿನಲ್ಲಿ ಇಂಗ್ಲಿಷ್ ತಪ್ಪಿದೆ. ವ್ಯಾಪಾರ ಏನೂ ನಿಂತಿಲ್ಲ. ಬೇರೆಯವರ ಭಾಷೆಯ ಒಂದು ಅಕ್ಷರಕ್ಕೆ ಇಷ್ಟು ನೋಯಬೇಕಾಗಿಲ್ಲ ಅಕ್ಕ.

ಅಕ್ಷರ ಮನೆ

ನೋಯಬೇಕಾಗಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಬಿಟ್ಟುಬಿಡಿ ಅನ್ನುವುದನ್ನು ಒಪ್ಪುವುದಿಲ್ಲ. ನನ್ನ ಹತ್ತಿರ ಮದುವೆ ಕಾರ್ಡ್, ಬಿಲ್ ಪುಸ್ತಕ, ಟೆಂಡರ್ ಅರ್ಜಿ ಎಲ್ಲ ಬರುತ್ತವೆ. ಸಾಮಾನ್ಯ ಗಿರಾಕಿಗೆ ಈ ತಪ್ಪು ಕಾಣುವುದಿಲ್ಲ, ನಿಜ. ಆದರೆ ಕಚೇರಿಗೆ ಹೋಗುವ ಕಾಗದದಲ್ಲಿ ಕಾಣುತ್ತದೆ. ಅಲ್ಲಿ ಓದುವವರಿಗೆ ನಿಮ್ಮ ಪರಿಚಯ ಇರುವುದಿಲ್ಲ, ಎದುರಿಗೆ ಇರುವುದು ಆ ಹಾಳೆ ಮಾತ್ರ. ಅದೂ ಬೇರೆ ಅಂಗಡಿಯವರು ತಪ್ಪು ಬರೆದರೆ ಒಂದು ಥರ. ಪುಸ್ತಕ ಪೆನ್ನು ಮಾರುವವರು ತಮ್ಮ ಕಸುಬಿನ ಹೆಸರನ್ನೇ ತಪ್ಪು ಬರೆದರೆ ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಕೆಲಸದವನಾಗಿ ಒಂದು ಮಾಹಿತಿ. ನಮ್ಮಂಥವರು ಬರೆದುಕೊಟ್ಟದ್ದನ್ನು ಹಾಗೇ ಟೈಪ್ ಮಾಡುತ್ತೇವೆ. ಗಿರಾಕಿ ಹೆಸರನ್ನು ನಾವೇ ತಿದ್ದಿದರೆ ಆಮೇಲೆ ಜಗಳ. ಆದ್ದರಿಂದ ಅಚ್ಚಿಗೆ ಹೋಗುವ ಮೊದಲು ಕರಡನ್ನು ನಿಮಗೆ ಸಂಬಂಧವಿಲ್ಲದ ಒಬ್ಬರ ಕೈಲಿ ಓದಿಸಿ. ನಾವೇ ಬರೆದದ್ದರಲ್ಲಿ ನಮ್ಮ ಕಣ್ಣಿಗೆ ತಪ್ಪು ಬೀಳುವುದು ಕಷ್ಟ.

ಸಂತೆ ಪೇಟೆ

ಕಚೇರಿ ಕಾಗದದ ವಿಷಯ ನಾನು ಯೋಚನೆ ಮಾಡಿರಲಿಲ್ಲ. ಅದು ಸರಿ. ಹಾಗಾದರೆ ಬೋರ್ಡಿಗಿಂತ ಮೊದಲು ಬಿಲ್ಲು, ಸೀಲು ಸರಿ ಮಾಡಿಸಿ.

ಬಳಪದ ಪುಡಿ

ಒಂದು ಸಣ್ಣ ವಿಷಯ. ನಮ್ಮ ಉತ್ತರ ಕರ್ನಾಟಕದ ಕಡೆ ಸ್ಟೇಷನರಿ ಅಂಗಡಿ ಅಂದರೆ ಬರೀ ಪೆನ್ನು ಪುಸ್ತಕ ಅಲ್ಲ. ಬಳೆ, ಟಿಕಳಿ, ಪೌಡರ್, ಹೇರ್‌ಪಿನ್ನು, ಸೂಜಿ ದಾರ, ಮಕ್ಕಳ ಆಟಿಕೆ ಎಲ್ಲ ಅದರಲ್ಲಿ ಬರುತ್ತದೆ. ಜಾತ್ರೆಯಲ್ಲಿ ಹಾಕುವ ಬಳೆ ಅಂಗಡಿಗೂ ಹಾಗೇ ಅನ್ನುವವರಿದ್ದಾರೆ. ಇಂಗ್ಲಿಷಿನಲ್ಲಿ ಇದು ಸರಿಯಾ ಮೇಷ್ಟ್ರೇ?

ಸೀಮೆಸುಣ್ಣ

ಇಂಗ್ಲಿಷಿನಲ್ಲಿ ಆ ಪದಕ್ಕೆ ಅಷ್ಟು ದೊಡ್ಡ ಹೊಟ್ಟೆ ಇಲ್ಲ. ಬರೆಯುವ ಮತ್ತು ಕಚೇರಿ ಸಾಮಾನಿಗೆ ನಿಲ್ಲುತ್ತದೆ. ಕನ್ನಡಕ್ಕೆ ಬಂದ ಮೇಲೆ ಪದ ನಮ್ಮದಾಯಿತು, ನಮ್ಮ ಅಂಗಡಿಗೆ ತಕ್ಕ ಹಾಗೆ ಹಿಗ್ಗಿತು. ಕನ್ನಡದಲ್ಲಿ ಹಾಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಇಂಗ್ಲಿಷ್ ಪತ್ರ ಬರೆಯುವಾಗ ಮಾತ್ರ ಬಳೆ, ಪೌಡರನ್ನು ಬೇರೆ ಹೆಸರಿನಲ್ಲಿ ಬರೆಯಿರಿ.

ಓಲೆಗರಿ

ಕನ್ನಡದ ಕಡೆಯಿಂದ ನಾನು ಸ್ವಲ್ಪ ಹೇಳಲಾ? ಹಳೆಯ ದಾಖಲೆಗಳ ಮೇಲೆ ನನಗೆ ಪ್ರೀತಿ ಜಾಸ್ತಿ.

'ನಿಲ್ದಾಣ' ಪದ ನೋಡಿ. ನಿಲ್ಲು ಮತ್ತು ತಾಣ ಸೇರಿ ಆದದ್ದು. ನಿಲ್ಲುವ ಜಾಗ. ಲ್ಯಾಟಿನ್ನಿನ ಸ್ಟಾಟಿಯೋಗೂ ಇದೇ ಅರ್ಥ. ಇದರಲ್ಲಿರುವ ತಾಣ ಸಂಸ್ಕೃತದ ಸ್ಥಾನ ಪದದ ತದ್ಭವ. ಆ ಸ್ಥಾನದ 'ಸ್ಥಾ' ಧಾತುವೂ ಲ್ಯಾಟಿನ್ನಿನ 'ಸ್ಟಾರೆ'ಯೂ ದೂರದ ನೆಂಟರು, ಒಂದೇ ಮೂಲದಿಂದ ಬಂದವು. ಸ್ಥಿರ, ಸ್ಥಾವರ, ಸ್ಥಾಯಿ ಎಲ್ಲ ಅದೇ ಮನೆಯವು. ಹಾಗಾಗಿ 'ಎ' ಇರುವ ಸ್ಟೇಷನರಿ ಕಂಡಾಗ ಸ್ಥಾವರ ಅಂದುಕೊಳ್ಳಿ. ಊರು ಸುತ್ತುವುದು ಜಂಗಮ, ನಿಂತದ್ದು ಸ್ಥಾವರ. ನಮಗೆ ಈ ಜೋಡಿ ಹೇಳಿಕೊಡಬೇಕಾದದ್ದೇ ಇಲ್ಲ.

'ಇ' ಇರುವುದಕ್ಕೆ ಸರ್ಕಾರದ ಕನ್ನಡದಲ್ಲಿ 'ಲೇಖನ ಸಾಮಗ್ರಿ' ಅಂತ ಇದೆ. ನಮ್ಮ ರಾಜ್ಯದ ಮುದ್ರಣ ಇಲಾಖೆಯ ಹೆಸರಿನಲ್ಲೇ ಆ ಪದ ಸೇರಿದೆ. ಅಂಗಡಿಗೆ ಹೋಗಿ ಲೇಖನ ಸಾಮಗ್ರಿ ಕೊಡಿ ಅಂತ ಯಾರೂ ಕೇಳುವುದಿಲ್ಲ, ಅದು ನನಗೂ ಗೊತ್ತು. ಆದರೆ ಬೋರ್ಡಿನ ಮೇಲೆ ಚೆನ್ನಾಗಿ ಕಾಣುತ್ತದೆ, ಓದಿದವರಿಗೆ ತಿಳಿಯುತ್ತದೆ.

ಅಂಗಡಿಯವನ ಹೆಸರು ಕಾಗದಕ್ಕೆ ದಾಟಿದ ಕಥೆ ಹೇಳಿದರಲ್ಲ, ನಮ್ಮಲ್ಲೂ ಬರೆಯುವ ಸಾಮಾನಿನ ಹೆಸರುಗಳು ಹೀಗೇ ದಾಟಿವೆ. ತಾಳೆಯ ಗರಿಗೆ ಓಲೆ ಅಂದರು. ಅದರ ಮೇಲೆ ಬರೆದ ಪತ್ರವೂ ಓಲೆಯಾಯಿತು. ಗರಿ ಹೋಗಿ ಕಾಗದ ಬಂದರೂ ಮದುವೆಗೆ ಕರೆಯೋಲೆ ಕೊಡುತ್ತೇವೆ. ಕಾಗದ ಅಂದರೆ ಹಾಳೆ, ಆದರೆ 'ಮಗನಿಂದ ಕಾಗದ ಬಂತು' ಅಂದರೆ ಪತ್ರ.

ಎಲ್ಲಕ್ಕಿಂತ ದೊಡ್ಡದು ಕಡತದ ಕಥೆ. ಇವತ್ತು ಕಡತ ಅಂದರೆ ಆಫೀಸಿನ ಫೈಲು. ಕಡತ ವಿಲೇವಾರಿ, ಕಡತ ನಾಪತ್ತೆ ಅಂತ ದಿನಾ ಪೇಪರಿನಲ್ಲಿ ಬರುತ್ತದೆ. ಮೊದಲು ಅದು ಬಟ್ಟೆ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸುತ್ತಿದ್ದರು. ಬಟ್ಟೆ ಗಟ್ಟಿಯಾಗಿ ಕಪ್ಪಗಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪು ಬಟ್ಟೆ ಮೇಲೆ ಬಿಳಿ ಅಕ್ಷರ, ಈಗಿನ ಕರಿಹಲಗೆ ಇದ್ದ ಹಾಗೆ. ಅಳಿಸಿ ಮತ್ತೆ ಬರೆಯಬಹುದು. ವ್ಯಾಪಾರಿಗಳ ಲೆಕ್ಕ, ಮಠಗಳ ಲೆಕ್ಕ ಎಲ್ಲ ಇದರಲ್ಲೇ. ಶೃಂಗೇರಿ ಮಠದ ಕಡತಗಳು ಹೆಸರುವಾಸಿ. ಬಟ್ಟೆ ಹೋಯಿತು, ಹೆಸರು ಮಾತ್ರ ರಟ್ಟಿನ ಫೈಲಿಗೆ ಅಂಟಿಕೊಂಡಿತು. ಈಗ ಕಂಪ್ಯೂಟರಿನಲ್ಲಿರುವುದಕ್ಕೂ ಕಡತ ಅನ್ನುತ್ತೇವೆ.

ಥೇಮ್ಸ್ ದಂಡೆ

ಕಡತ ಬಟ್ಟೆಯದ್ದು ಅಂತ ಇವತ್ತೇ ಗೊತ್ತಾಯಿತು. ನನ್ನ ಅಜ್ಜಿ ಮನೆ ಅಟ್ಟದಲ್ಲಿ ಕಪ್ಪಗೆ ಬಿರುಸಾದ ಮಡಿಸಿದ ಬಟ್ಟೆಯಂಥದ್ದೊಂದು ಇತ್ತು. ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು. ಹರಕು ಅಂದುಕೊಂಡಿದ್ದೆವು. ಊರಿಗೆ ಬಂದಾಗ ಮೊದಲು ಅದನ್ನು ಹುಡುಕುತ್ತೇನೆ.

ಓಲೆಗರಿ

ಸಿಕ್ಕರೆ ನೀರು ಸೋಕಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಬರಹ ಎದ್ದು ಹೋಗುತ್ತದೆ. ಮಡಿಕೆಯನ್ನು ಜೋರಾಗಿ ಬಿಡಿಸಬೇಡಿ.

ಲೆಕ್ಕದ ಚೀಟಿ

ಅಕ್ಕನ ಮೂರನೇ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಾನು ಸಣ್ಣ ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕುವ ಕೆಲಸ ಮಾಡುತ್ತೇನೆ.

ಮೊದಲು ನಿಮ್ಮ ಜಿಎಸ್‌ಟಿ ನೋಂದಣಿ ಪತ್ರ ತೆಗೆದು ಟ್ರೇಡ್ ನೇಮ್ ಎದುರಿಗೆ ಏನಿದೆ ನೋಡಿ. ಬ್ಯಾಂಕಿನ ಕರೆಂಟ್ ಖಾತೆಯ ಹೆಸರನ್ನೂ ನೋಡಿ. ಅಲ್ಲಿ ಈ ಪದ ಇಲ್ಲದಿದ್ದರೆ ಅಥವಾ 'ಇ' ಹಾಕಿ ಸರಿಯಾಗಿದ್ದರೆ ನಿಶ್ಚಿಂತೆ, ಬೋರ್ಡು, ಸೀಲು, ಬಿಲ್ ಪುಸ್ತಕ ಮಾತ್ರ ತಿದ್ದಿಸಿ. ನೋಂದಣಿಯಲ್ಲೇ 'ಎ' ಇದ್ದರೆ ಪೋರ್ಟಲ್‌ನಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬಹುದು. ಅಧಿಕಾರಿ ಒಪ್ಪಿದ ಮೇಲೆ ಬದಲಾಗುತ್ತದೆ. ಅಲ್ಲಿಯವರೆಗೆ ಬಿಲ್ಲಿನಲ್ಲಿ ನೋಂದಣಿಯಲ್ಲಿ ಇರುವ ಹೆಸರನ್ನೇ ಇಡಿ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬೇಡ.

ಉಳಿದ ಬಿಲ್ ಪುಸ್ತಕ ಹರಿದು ಬಿಸಾಡಬೇಡಿ. ಕ್ರಮಸಂಖ್ಯೆ ಕೆಡುತ್ತದೆ. ಅಂಗಡಿಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಸರಿ ಇದ್ದು, ತಪ್ಪು ಕೆಳಗಿನ ವಿವರಣೆಯಲ್ಲಿ ಮಾತ್ರ ಇದ್ದರೆ ಅದನ್ನೇ ಬಳಸಿ ಮುಗಿಸಿ. ಸೀಲು ಮಾತ್ರ ಇವತ್ತೇ ಮಾಡಿಸಿ, ಏಕೆಂದರೆ ಕೊಟೇಶನ್ ಮೇಲೆ ಬೀಳುವುದು ಅದು.

ತುಂಗೆ ನೀರು

ನನ್ನ ಉಚ್ಚಾರದ ಮಾತು ತಪ್ಪಾಗಿತ್ತು, ನಿಘಂಟು ನೋಡಿದೆ. ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟ್ರೇ. ಅದರ ಬದಲು ಇನ್ನೊಂದು ಹೊಳೆಯಿತು. ಪೇಪರ್, ಲೆಟರ್, ರಬ್ಬರ್, ಶಾರ್ಪನರ್, ಹೈಲೈಟರ್, ಫೋಲ್ಡರ್, ರಿಜಿಸ್ಟರ್. ಅಕ್ಕನ ಅಂಗಡಿಯ ಇಷ್ಟೂ ಸಾಮಾನಿನ ಕೊನೆ 'ಇ-ಆರ್'. ಆ ಅಂಗಡಿಯ ಹೆಸರಿನಲ್ಲೂ 'ಇ-ಆರ್'. ಕಾರು ಪಾರ್ಕ್ ಮಾಡಿದರೆ ನಿಲ್ಲುತ್ತದೆ, ಕಾರಿನಲ್ಲೂ ಪಾರ್ಕಿನಲ್ಲೂ 'ಎ-ಆರ್'. ನಾಳೆ ಪರೀಕ್ಷೆಗೆ ಓದುತ್ತಿರುವ ತಂಗಿಗೆ ಹೀಗೇ ಹೇಳಿಕೊಟ್ಟೆ, ಒಂದೇ ಸಲಕ್ಕೆ ಹಿಡಿದಳು.

ಸೀಮೆಸುಣ್ಣ

ಇದು ಬಹಳ ಚೆನ್ನಾಗಿದೆ. ನಾನು ಇಷ್ಟು ದಿನ ಎನ್ವಲಪ್‌ಗೆ 'ಇ' ಅಂತ ಹೇಳಿಕೊಡುತ್ತಿದ್ದೆ. ನಮ್ಮ ಮಕ್ಕಳಿಗೆ ಅದು ಕವರ್. ಎನ್ವಲಪ್ ಅಂದರೆ ಅದನ್ನೇ ಮತ್ತೆ ವಿವರಿಸಬೇಕಿತ್ತು. ನಿಮ್ಮ ಪಟ್ಟಿ ಅವರ ಬ್ಯಾಗಿನಲ್ಲೇ ಇದೆ. ಕವರ್ ಕೂಡ 'ಇ-ಆರ್' ನೋಡಿ. ಸೋಮವಾರ ಕರಿಹಲಗೆ ಮೇಲೆ ಬರೆಯುತ್ತೇನೆ.

ಅಂಗಡಿ ಅಕ್ಕ (ಅರಸೀಕೆರೆ)

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ. ಶಾಲೆ ಶುರುವಾಗುವ ಸಮಯ, ಅಂಗಡಿಯಲ್ಲಿ ಕೈ ಬಿಡುವಿರಲಿಲ್ಲ.

ಜಿಎಸ್‌ಟಿ ಪತ್ರ ನೋಡಿದೆ. ಅಲ್ಲಿರುವುದು ಅಪ್ಪ ಇಟ್ಟ ಅಂಗಡಿಯ ಹೆಸರು ಮಾತ್ರ, ಸ್ಟೇಷನರಿ ಅನ್ನುವ ಪದ ಇಲ್ಲ. ಬ್ಯಾಂಕಿನಲ್ಲೂ ಹಾಗೇ. ಬಿಲ್ ಪುಸ್ತಕ ಇನ್ನು ಎರಡು ಇವೆ, ಮುಗಿಸುತ್ತೇನೆ. ಸೀಲು ಮರುದಿನವೇ ಹೊಸದು ಮಾಡಿಸಿದೆ. ಈ ಸಲ ಕಾಗದದ ಮೇಲೆ ದೊಡ್ಡದಾಗಿ ಬರೆದು 'ಇ' ಅಕ್ಷರಕ್ಕೆ ನಾನೇ ಸುತ್ತು ಹಾಕಿ ಕೊಟ್ಟೆ. ಕೊಟೇಶನ್ ಇನ್ನೊಮ್ಮೆ ಬರೆದು ಅದೇ ಶಾಲೆಗೆ ಕೊಟ್ಟು ಬಂದೆ. ಇನ್ನೂ ಏನೂ ಹೇಳಿಲ್ಲ.

ಬೋರ್ಡ್ ಬರೆದ ಪೇಂಟರ್ ಅಣ್ಣನನ್ನು ಕರೆಸಿದೆ. ಅವರಿಗೆ ಬೈಯುವ ಮನಸ್ಸಿರಲಿಲ್ಲ, ಬರೆದುಕೊಡದೆ ಇದ್ದದ್ದು ನಾನು. ಲಂಡನ್ನಿನ ತಮ್ಮ ಹೇಳಿದ ಕಥೆಯನ್ನೇ ಅವರಿಗೂ ಹೇಳಿದೆ. ಏಣಿ ಮೇಲೆ ನಿಂತೇ ಕೇಳಿಸಿಕೊಂಡರು. 'ನಾನು ಇಷ್ಟು ವರ್ಷದಲ್ಲಿ ಬರೆದ ಸ್ಟೇಷನರಿ ಬೋರ್ಡಿಗೆಲ್ಲ ಎ ಹಾಕಿದೀನಿ ಅಕ್ಕ' ಅಂದರು. ಆಮೇಲೆ ಬೆರಳು ಮಡಚಿ ಒಂದೊಂದೇ ಊರಿನ ಹೆಸರು ಹೇಳುತ್ತಾ ಹೋದರು. ಬಾಣಾವರದಲ್ಲಿ ಎರಡು, ಕಡೂರಿನಲ್ಲಿ ಒಂದು, ತಿಪಟೂರಿನಲ್ಲಿ ಬಸ್ ಸ್ಟ್ಯಾಂಡ್ ಎದುರಿಗಿರುವುದು. ಆ ಕಡೆ ಕೆಲಸಕ್ಕೆ ಹೋದಾಗ ಕಾಸು ಕೇಳದೆ ತಿದ್ದಿಕೊಡುತ್ತೇನೆ ಅಂದರು.

'ಎ' ಅಕ್ಷರದ ಮೇಲೆ ನೀಲಿ ಬಳಿದು, ಒಣಗಲು ಬಿಟ್ಟು, ಸಂಜೆ ಬಂದು ಬಿಳಿ ಬಣ್ಣದಲ್ಲಿ 'ಇ' ಬರೆದರು. ಹತ್ತಿರ ಹೋಗಿ ನೋಡಿದರೆ ಕೆಳಗಿನ 'ಎ' ಇನ್ನೂ ಸ್ವಲ್ಪ ಮಬ್ಬಾಗಿ ಕಾಣುತ್ತದೆ. ಇನ್ನೊಂದು ಕೋಟ್ ಹಾಕಲಾ ಅಂತ ಕೇಳಿದರು. ಬೇಡ ಅಂದೆ. ಮೇಲಿನ ಕನ್ನಡ ಸಾಲಿನ ಪಕ್ಕದಲ್ಲಿ ಜಾಗ ಇತ್ತು, ಅಲ್ಲಿ 'ಲೇಖನ ಸಾಮಗ್ರಿ' ಅಂತಲೂ ಬರೆಸಿದ್ದೇನೆ.